ಬಣ್ಣ ಹೋದ ಬಾವಿಗಳ ಹಿಂದೆ ಮೆಲನಿ

ಯಾರನ್ನು ಬೇಕಾದರೂ ತನ್ನಿ, ನನ್ನ ವಾರದ ಅಂಕಣದಲ್ಲಿ ಹೀರೊ ಮಾಡಿ ಕೊಡುತ್ತೇನೆ. ಕರಕ್ ಚಹಾ ಮಾರುವವನಿಗೂ ಸ್ಲೋ ಮೋಷನ್ ಎಂಟ್ರಿ, ಎದುರಿನಿಂದ ಗಾಳಿ, ಮೇಲೊಂದು ಪಂಚ್ ಡೈಲಾಗ್. ನನ್ನ ಕೈಗೆ ಸಿಕ್ಕವರು ಯಾರೂ ಸೈಡ್ ಆ್ಯಕ್ಟರ್ ಆಗಿ ಉಳಿದಿಲ್ಲ. ಈ ವಾರದ ಹೀರೊಯಿನ್ ಮಾತ್ರ ಎಂಟ್ರಿಯಲ್ಲೇ ಆಕಳಿಸುತ್ತಾರೆ.

ದೋಹಾದ ಬಿನ್ ಮಹಮೂದ್ ಬಡಾವಣೆಯ ಹಳೇ ಫ್ಲ್ಯಾಟಿನ ಅಡುಗೆಮನೆ. ಬೆಳಗಿನ ಐದು ಗಂಟೆ. ಒಲೆಯ ಮೇಲೆ ಮಕ್ಕಳ ಟಿಫಿನ್ನಿನ ಚಪಾತಿ, ಹಿಟ್ಟಿನ ಡಬ್ಬಕ್ಕೆ ಒರಗಿಸಿದ ಲ್ಯಾಪ್‌ಟಾಪ್. ಶಿರ್ವದ ಮೆಲನಿ ದಾಂತಿಸ್ ಜಾಂಬಿಯಾದ ಜೊತೆ ಮಾತಾಡುತ್ತಿದ್ದಾರೆ. ಈ ಹೊತ್ತಿಗೇ ಯಾಕೆ?

"ಅಲ್ಲಿ ಕರೆಂಟ್ ಬರುದೇ ಈಗ ಮಾರಾಯ. ಸ್ವಲ್ಪ ಹೊತ್ತು, ಮತ್ತೆ ಖಲಾಸ್."

ದೋಹಾದ ಒಂದು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಮೆಲನಿಯವರದು ಸಂಶೋಧನಾ ದತ್ತಾಂಶದ ಡೆಸ್ಕ್. ಪ್ರೊಫೆಸರುಗಳು ವರ್ಷಗಟ್ಟಲೆ ಅಳೆದು ತಂದ ಅಂಕಿಗಳು ಪ್ರಬಂಧ ಅಚ್ಚಾದ ಮೇಲೆ ಪೆನ್‌ಡ್ರೈವ್‌ನಲ್ಲಿ ಕೊಳೆಯುತ್ತವೆ. ಅವನ್ನು ಕೇಳಿ ಪಡೆದು, ಯಾವ ಅಂಕಿಗೆ ಏನರ್ಥವೆಂದು ಬರೆದು, ಮುಂದಿನವರಿಗೆ ಸಿಗುವಂತೆ ಕಾಪಾಡುವುದು ಕೆಲಸ. ಒಪ್ಪಂದದ ಮೇಲೆ ಜಾಂಬಿಯಾದ ಒಂದು ವಿಶ್ವವಿದ್ಯಾಲಯಕ್ಕೂ ಅಂಥದೇ ಡೆಸ್ಕ್ ಕಟ್ಟಿಕೊಡುವ ಹೊಣೆ ಇವರ ಹೆಗಲಿಗೆ ಬಿದ್ದಿದೆ. ಅಲ್ಲಿ ಡೆಸ್ಕ್ ಎಂದರೆ ಚಾಂದಾ ಎಂಬ ಒಬ್ಬಳೇ ಲೈಬ್ರರಿಯನ್.

"ಯಾರೂ ಸುಲಭದಲ್ಲಿ ಕೊಡುದಿಲ್ಲ. ಹೆಣ್ಣು ಕೇಳ್ಲಿಕ್ಕೆ ಹೋದ ಹಾಗೆ ಹತ್ತು ಸಲ ಹೋಗ್ಬೇಕು."

ಅಲ್ಲಿ ಕೊಟ್ಟವರು ಒಬ್ಬರೇ, ಡಾಕ್ಟರ್ ಮ್ವಾನ್ಸಾ. ಹನ್ನೊಂದು ವರ್ಷ ಹಳ್ಳಿಹಳ್ಳಿಯ ಬಾವಿ ನೀರು ಪರೀಕ್ಷಿಸಿದವರು. ಎಕ್ಸೆಲ್‌ನಲ್ಲಿ ಬತ್ತಿದ ಬಾವಿಗೆ ಹಳದಿ, ಕೆಟ್ಟ ನೀರಿಗೆ ಕೆಂಪು ಬಳಿದಿದ್ದರು. ಬಣ್ಣದ ಅರ್ಥ ಎಲ್ಲೂ ಬರೆದಿರಲಿಲ್ಲ. ಯಾವ ಕಂಪ್ಯೂಟರಿನಲ್ಲೂ ತೆರೆಯಲಿ ಎಂದು ಫೈಲನ್ನು ಸಾದಾ ರೂಪಕ್ಕೆ ಬದಲಿಸಲು ಮೆಲನಿ ಚಾಂದಾಗೆ ಹೇಳಿದರು. ಆ ರೂಪದಲ್ಲಿ ಅಂಕಿ ಉಳಿಯುತ್ತದೆ, ಬಣ್ಣ ಉಳಿಯುವುದಿಲ್ಲ. ಅಲ್ಲಿನ ಲೈಬ್ರರಿಯ ವೆಬ್‌ಸೈಟಿನಲ್ಲಿ ಕೆಟ್ಟ ಬಾವಿಗಳೂ ಒಳ್ಳೆಯವುಗಳ ಪಕ್ಕ ಬಿಳಿ ಬಟ್ಟೆ ತೊಟ್ಟು ನಿಂತವು.

"ಇದನ್ನು ನೋಡಿ ಯಾರಾದರೂ ಆ ನೀರು ಕುಡಿದರೆ?" ಮ್ವಾನ್ಸಾ ಕೇಳಿದ್ದು ಅಷ್ಟೇ. ಎಲ್ಲ ತೆಗೆಸಿದರು, ಫೋನ್ ಎತ್ತುವುದನ್ನೂ ನಿಲ್ಲಿಸಿದರು. ಗುರುವಾರ ಅಲ್ಲಿನ ಸಮಿತಿ ಸೇರುತ್ತದೆ. ತೋರಿಸಲು ಏನೂ ಇಲ್ಲದಿದ್ದರೆ ಡೆಸ್ಕ್ ಮುಚ್ಚುತ್ತದೆ, ಚಾಂದಾ ಮತ್ತೆ ಪುಸ್ತಕ ಕೊಡುವ ಕೌಂಟರಿಗೆ.

"ಬಣ್ಣ ಎಂತಕ್ಕೆ ಅಂತ ಕೇಳದೆ ಹೇಳಿದ್ದು ನಾನು. ಆ ಮಾತು ಕೇಳಿಸ್ಕೊಂಡದ್ದು ಅವಳು," ಎನ್ನುತ್ತಾರೆ ಮೆಲನಿ.

ಗಂಡ ಕೆನೆತ್‌ಗೆ ದೂರದ ಎಣ್ಣೆ ಪಟ್ಟಣ ದುಖಾನ್‌ನಲ್ಲಿ ಕೆಲಸ, ವಾರಾಂತ್ಯಕ್ಕೆ ಮನೆ. "ಜಾಂಬಿಯಾದಲ್ಲಿ ಬಲ್ಬ್ ಉರಿದ್ರೆ ಇಲ್ಲಿ ಇವಳು ಎದ್ದು ಕೂರ್ತಾಳೆ. ನನ್ನ ಫೋನಿಗೆ ಮಾತ್ರ 'ಮತ್ತೆ ಮಾಡಿ'."

"ನೀವು ಸಹಾ ಒಂದು ಬಾವಿ ಆಗಿ, ಮಾತಾಡ್ತೇನೆ."

ಇವತ್ತು ಬುಧವಾರ. ಚಾಂದಾ ಹೇಗೋ ಒಪ್ಪಿಸಿ ಮ್ವಾನ್ಸಾ ಅವರನ್ನು ಲೈನಿಗೆ ತಂದಿದ್ದಾಳೆ. ಮೆಲನಿ ಲಟ್ಟಣಿಗೆ ಕೆಳಗಿಡುತ್ತಾರೆ. "ಸರ್, ಫೈಲ್ ಕೇಳಲು ಅಲ್ಲ. ತಪ್ಪು ಚಾಂದಾಳದಲ್ಲ, ನನ್ನದು. ಹಳದಿ ಅಂದರೆ ಏನು, ಒಮ್ಮೆ ಹೇಳಿ."

ಮ್ವಾನ್ಸಾ ತಿರುಗಿ ಕೇಳುತ್ತಾರೆ, "ಯಾವ ಹಳದಿ? ತಿಳಿಯೋ, ಗಾಢವೋ?"

ಹಳದಿಯಲ್ಲೇ ಎರಡಿವೆ ಎಂದು ಮೆಲನಿಗೂ ಚಾಂದಾಗೂ ಗೊತ್ತಿರಲಿಲ್ಲ. ಒಲೆಯ ಮೇಲೆ ಚಪಾತಿ ಸೀದುಹೋಗುತ್ತದೆ.

ಇಲ್ಲಿಂದ ಮುಂದೆ ನಾನು ಬರೆದಿದ್ದ ಕ್ಲೈಮ್ಯಾಕ್ಸೇ ಬೇರೆ. ಮ್ವಾನ್ಸಾ ಕಣ್ಣೊರೆಸಿಕೊಂಡು ಹನ್ನೊಂದು ವರ್ಷವನ್ನೂ ಒಪ್ಪಿಸುತ್ತಾರೆ, ಸಮಿತಿ ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ. ಮೆಲನಿ ಓದಿ, "ಇದನ್ನೆಲ್ಲ ತೆಗಿ ಮಾರಾಯ. ಆದದ್ದು ಬರಿ," ಎಂದರು.

ಆದದ್ದು ಇಷ್ಟು. ಕರೆಂಟ್ ಹೋಗುವಷ್ಟರಲ್ಲಿ ಮ್ವಾನ್ಸಾ ಒಂದು ಹಳ್ಳಿಯ ಬಾವಿಗಳ ಬಣ್ಣ ಮಾತ್ರ ಬಿಡಿಸಿ ಹೇಳಿದರು. ಚಾಂದಾ ಅದಕ್ಕೊಂದು ಕಾಲಂ ಮಾಡಿ 'ಬತ್ತಿದೆ', 'ಬೇಸಿಗೆಯಲ್ಲಿ ಬತ್ತುತ್ತದೆ', 'ಕುಡಿಯಬಾರದು' ಎಂದು ತುಂಬಿಸಿದಳು. ಆ ಒಂದು ಹಳ್ಳಿಯನ್ನು ಸಮಿತಿಗೆ ತೋರಿಸಲು ಮ್ವಾನ್ಸಾ ಒಪ್ಪಿದರು, ಉಳಿದದ್ದಕ್ಕೆ ಇಲ್ಲ ಎಂದರು. ಸಮಿತಿ ಡೆಸ್ಕಿಗೆ ಆರು ತಿಂಗಳು ಕೊಟ್ಟಿತು. ಚಪ್ಪಾಳೆ ಯಾರೂ ತಟ್ಟಲಿಲ್ಲ.

"ಇಷ್ಟಕ್ಕೆ ಇಷ್ಟು ಒದ್ದಾಟವಾ ಅಕ್ಕ?" ಎಂದೆ.

"ಮೊನ್ನೆ ಚಾಂದಾ ಇನ್ನೊಬ್ಬ ಪ್ರೊಫೆಸರ್ ಹತ್ರ ಅವಳೇ ಕೂತು, ಎಲ್ಲ ಕೇಳಿ ಬರ್ಕೊಂಡು, ಫೈಲ್ ತಂದ್ಲು. ನನಗೆ ಮರುದಿನ ಗೊತ್ತಾದದ್ದು." ಮೆಲನಿ ಕಣ್ಣುಜ್ಜಿಕೊಂಡರು. "ಅಲ್ಲಿ ಕರೆಂಟ್ ಬಂದ ಆ ಹೊತ್ತಿಗೆ ನಾನು ಮಲಗಿದ್ದೆ."