ಕೂಗಣ್ಣ ಸಮುದ್ರ ಕೂಗಿದ್ದು

ಹೆತ್ತವರು ಇಟ್ಟ ಹೆಸರು ಅವನಿಗೇ ಮರೆತುಹೋಗಿತ್ತು. ಊರಿಗೆಲ್ಲ ಅವನು ಕೂಗಣ್ಣ. ದೋಣಿಗಳು ಧಕ್ಕೆಗೆ ಬಂದು ನಿಂತೊಡನೆ ತಗಡಿನ ಸೂರಿನಡಿ, ಮಗುಚಿದ ಪೆಟ್ಟಿಗೆಯ ಮೇಲೆ ಹತ್ತಿ, ಬುಟ್ಟಿ ಬುಟ್ಟಿ ಮೀನನ್ನು ಹರಾಜು ಕೂಗುವುದು ಅವನ ಕಸುಬು. ಕೊಳ್ಳುವ ಹೆಂಗಸರು ಬಾಯಿ ಬಿಡುತ್ತಿರಲಿಲ್ಲ. ಬೆರಳೆತ್ತಿದರೆ ಕೊಂಡ ಹಾಗೆ. ಮೂರು ಸಲ ಕೂಗಿ ಕೂಗಣ್ಣ ಅಂಗೈ ತಟ್ಟಿದನೆಂದರೆ ಮುಗಿಯಿತು. ಆಮೇಲೆ ಹಿಂದೆ ಸರಿದವರಿಗೆ ಧಕ್ಕೆಯಲ್ಲಿ ಯಾರೂ ಒಂದು ಸೀಗಡಿಯನ್ನೂ ಕೊಡುವುದಿಲ್ಲ. ಅಂಥವರಿಗೆ ಕೂಗಿಕೊಟ್ಟ ತಪ್ಪಿಗೆ, ವ್ಯಾಪಾರ ಚುಕ್ತಾ ಆಗುವವರೆಗೆ ಕೂಗಿದವನೂ ಪೆಟ್ಟಿಗೆ ಹತ್ತುವಂತಿಲ್ಲ.

ಈ ಚಾಳಿ ಮನೆಯವರೆಗೂ ಹಿಂಬಾಲಿಸಿತ್ತು. ಒಮ್ಮೆ ಅತ್ತಿಗೆ ಸೊಳ್ಳೆ ಓಡಿಸಲು ಕೈಯೆತ್ತಿ, ಒಂದು ವಾರದ ಪಾತ್ರೆ ತೊಳೆಯುವ ಕೆಲಸ ಕೊಂಡುಕೊಂಡಿದ್ದಳು. ಹೆಂಡತಿಯಂತೂ ಮದುವೆಯಾದಂದಿನಿಂದ ಗಂಡನೆದುರು ತಲೆ ಕೆರೆದುಕೊಂಡವಳಲ್ಲ.

ಹೀಗಿರುವಾಗ ಗಾಳಿ ಕಂಪನಿ ಊರಿಗೆ ಗಾಳ ಹಾಕಲು ಬಂತು. ನಡುಸಮುದ್ರದಲ್ಲಿ, ಮೀನು ಸಿಗುವ ಜಾಗದಲ್ಲೇ, ಆಕಾಶದೆತ್ತರದ ಫ್ಯಾನುಗಳು ಬರಲಿವೆ. ಅವುಗಳ ಕರೆಂಟು ದಪ್ಪ ಕೇಬಲ್ಲಿನಲ್ಲಿ ಹರಾಜಿನ ಸೂರಿನ ಕೆಳಗೇ ನುಸುಳಿ ದೂರದ ನಗರಕ್ಕೆ ಹೋಗಲಿದೆ. ಸೂರಿನ ಒಂಟಿ ಬಲ್ಬು ಆಗಾಗ ಕಣ್ಣು ಮುಚ್ಚುತ್ತಿತ್ತು. ಅದು ಕಂಪನಿಯ ಪ್ರಕಾರ ಬಲ್ಬಿನ ವೈಯಕ್ತಿಕ ವಿಚಾರ.

ಶಾಲೆಯ ಹಾಲ್‌ನಲ್ಲಿ ಸಭೆ. ಕಂಪನಿಯ ಅಧಿಕಾರಿ ಗೋಡೆಗೆ ಚಿತ್ರಗಳನ್ನು ಅಂಟಿಸಿದರು: ಕಲ್ಲುಬೆಂಚು, ಡಾಲ್ಫಿನ್ ಬರೆದ ಗೋಡೆ, ಕಂಪನಿ ಹೆಸರಿನ ಕೊಡೆ. ಬೇಕಾದುದರ ಮೇಲೆ ಜನ ಹಸಿರು ಚುಕ್ಕೆ ಅಂಟಿಸಬೇಕು.

“ಧಕ್ಕೆಗೆ ಯಾವ ಧಕ್ಕೆಯೂ ಆಗಲ್ಲ. ಇದೆಲ್ಲ ನಮ್ಮ ಪ್ರೀತಿಯ ಕಾಣಿಕೆ,” ಎಂದರು.

“ಇಷ್ಟು ಗಾಳಿಗೆ ಕೊಡೆಯಾ?” ಎಂದಳು ಮೀನು ಸೀಳುವ ಅಜ್ಜಿ. “ಅದು ಹಾರಿ ಹೋಗೋದನ್ನ ನೋಡೋಕೆ ಬೆಂಚಾ?”

ಊರಿಗೆ ಬೇಕಿದ್ದುದು ಐಸು. ಅದು ನಗರದಿಂದ ಲಾರಿಯಲ್ಲಿ ಬರುತ್ತಿತ್ತು: ಅರ್ಧ ಐಸು, ಅರ್ಧ ನೀರು, ಪೂರ್ತಿ ಬಿಲ್ಲು. ಮಧ್ಯಾಹ್ನದೊಳಗೆ ಮಾರದ ಮೀನು ಮತ್ತೆ ಸಮುದ್ರಕ್ಕೇ.

ಕೂಗಣ್ಣ ಎದ್ದ. “ಕಾಣಿಕೆ ಯಾರು ಕೇಳಿದ್ರು ಸಾರ್? ನಮ್ಮ ಸಮುದ್ರ ಹರಾಜಿಗೆ ಇಟ್ಟಿದ್ದೀವಿ, ನೀವು ಕೊಳ್ಳೋಕೆ ಬಂದಿದ್ದೀರಿ. ರೇಟು ಹೇಳಿ.”

ಅಷ್ಟಕ್ಕೇ ಕೂತಿದ್ದರೆ ಸಭೆ ಸಭ್ಯವಾಗಿ ಮುಗಿಯುತ್ತಿತ್ತು. ಆದರೆ ಕಾಲು ಕೇಳಬೇಕಲ್ಲ, ಕುರ್ಚಿ ಹತ್ತಿಬಿಟ್ಟಿತು.

“ಬೆಂಚು ಆಯ್ತು, ಬೆಂಚಿಗಿಂತ ಮೇಲೆ! ಐಸ್ ಪ್ಲಾಂಟು! ಫ್ಯಾನು ತಿರುಗೋವರೆಗೂ ಕಂಪನಿ ಕರೆಂಟಲ್ಲೇ ನಡೆಯೋ ಐಸ್ ಪ್ಲಾಂಟು! ಒಂದ್ಸಲ… ಎರಡ್ಸಲ…”

ಬೆವರಿಗೆ ಜಾರಿದ ಕನ್ನಡಕವನ್ನು ಮೇಲೇರಿಸಲು ಅಧಿಕಾರಿ ಬೆರಳೆತ್ತಿದರು.

“ಮೂರ್ಸಲ!” ಕೂಗಣ್ಣ ಅಂಗೈ ತಟ್ಟಿದ. ಹಾಲ್ ಹೋ ಎಂದಿತು. ಇದೇನೋ ಸ್ಥಳೀಯ ಕಲೆ ಇರಬೇಕೆಂದು ಅಧಿಕಾರಿಯೂ ಚಪ್ಪಾಳೆ ತಟ್ಟಿದರು.

ಮರುದಿನ ಬಂದದ್ದು ಬೆಂಚುಗಳು. ಐಸ್ ಪ್ಲಾಂಟಿನ ವಿಷಯ ಕಂಪನಿಗೆ ಗೊತ್ತೇ ಇಲ್ಲವಂತೆ. ಕೂಗಣ್ಣ ಧಕ್ಕೆಯ ಕಟ್ಟಳೆಯಂತೆ ಪೆಟ್ಟಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕೂತ.

“ನೀವು ನೋಡಿದ್ದು ಬೆರಳಾ, ಕನ್ನಡಕಾನಾ?” ಎಂದಳು ಹೆಂಡತಿ.

“ಬೆರಳೇ ಕಣೆ,” ಎಂದ, ಅವಳ ಮುಖ ನೋಡದೆ. ತನ್ನ ಕಣ್ಣಿನ ಮೇಲೆ ಅವನಿಗೆ ಸಂಶಯ ಬಂದದ್ದು ಜೀವಮಾನದಲ್ಲಿ ಇದೇ ಮೊದಲು.

“ನನ್ನ ಮಾನಾನೂ ಹರಾಜು ಹಾಕಿಬಿಟ್ರಲ್ಲ!”

“ಅದಕ್ಕೆ ಯಾರೂ ಬೆರಳೆತ್ತಿಲ್ಲ, ಇನ್ನೂ ನಿನ್ನ ಹತ್ರಾನೇ ಇದೆ.”

ಅವನ ಬದಲು ಪೆಟ್ಟಿಗೆ ಹತ್ತಿದ ಭಾವಮೈದುನನ ದನಿ ಕಾಗೆಗಳ ಗಲಾಟೆಯಲ್ಲಿ ಕೇಳಿಸಲೇ ಇಲ್ಲ. ಮೀನಿನ ದರ ನೆಲ ಕಚ್ಚಿತು. ಹೀಗೇ ನಡೆದರೆ ಕೂಗಣ್ಣನ ಜೊತೆ ಊರೂ ಮನೆಯಲ್ಲಿ ಕೂರಬೇಕು.

ಒಂದು ಸಂಜೆ, ಸಮುದ್ರದ ತಳ ಅಳೆಯುವ ಕಂಪನಿ ದೋಣಿ ಧಕ್ಕೆಗೆ ಬಂತು. ಅಧಿಕಾರಿಯೂ ಅದರಲ್ಲಿದ್ದರು. ಹಗ್ಗ ಎಸೆದರು, ಹಿಡಿಯುವವರಿಲ್ಲ. ಮತ್ತೆ ಎಸೆದರು, ಹೆಂಗಸರು ಅದು ನೀರಿಗೆ ಬೀಳುವುದನ್ನು ಹೊಸ ಬೆಂಚಿನ ಮೇಲೆ ಕೂತು ನೋಡಿದರು. ಬೆಂಚು ಉಪಯೋಗಕ್ಕೆ ಬಂದದ್ದು ಹಾಗೆ.

“ಅಮ್ಮಾ, ಹಗ್ಗ ಹಿಡೀರಮ್ಮಾ!”

“ಕೊಂಡಿದ್ದು ಚುಕ್ತಾ ಮಾಡಿ ಸಾಹೇಬ್ರೇ,” ಎಂದಳು ಅಜ್ಜಿ.

ಅಲೆ ದೊಡ್ಡದಾಯಿತು, ಅಧಿಕಾರಿಯ ಮುಖ ಅವರದೇ ಚುಕ್ಕೆಗಳ ಬಣ್ಣಕ್ಕೆ ತಿರುಗಿತು. ಯಾರೋ ಓಡಿಹೋಗಿ ಕೂಗಣ್ಣನನ್ನು ಕರೆತಂದರು.

“ಪ್ಲಾಂಟು ಹಾಕ್ಸೋಣ, ಐದು ವರ್ಷ ಕರೆಂಟು!” ಎಂದು ಅಧಿಕಾರಿ ದೋಣಿಯಿಂದ ಕಿರುಚಿದರು.

“ಐದು ವರ್ಷ! ಅದರ ಮೇಲೆ?” ಎಂದ ಕೂಗಣ್ಣ.

ಮೇಲೆ ಕೂಗಲು ಅಲ್ಲಿ ಬೇರೆ ಯಾರೂ ಇರಲಿಲ್ಲ. ಅಲೆಯೊಂದು ಎತ್ತಿ ಕುಕ್ಕಿತು. “ಹತ್ತು!” ಎಂದರು ಅಧಿಕಾರಿ, ತಮ್ಮ ಮೇಲೆ ತಾವೇ.

“ಹತ್ತು! ಅದರ ಮೇಲೆ?”

ಅಧಿಕಾರಿ ಮೇಲಿನವರಿಗೆ ಫೋನು ಹಚ್ಚಿದರು. ಮೇಲಿನವರು ಮೀನಮೇಷ ಎಣಿಸಿದರು. ಅವರ ಕಚೇರಿ ಅಲುಗಾಡುತ್ತಿರಲಿಲ್ಲವಲ್ಲ. ಅಧಿಕಾರಿ ಫೋನಿನಲ್ಲೇ ಎರಡು ಸಲ ವಾಂತಿ ಮಾಡಿಕೊಂಡ ಮೇಲೆ ಅವರಿಗೂ ಪರಿಸ್ಥಿತಿ ಅರ್ಥವಾಯಿತು.

“ಫ್ಯಾನು ತಿರುಗೋವರೆಗೂ! ಬರೆದು ಕೊಡ್ತೀವಿ!”

ಕೂಗಣ್ಣ ಅಂಗೈ ತಟ್ಟಿ, ತಾನೇ ಹಗ್ಗ ಹಿಡಿದು ಗೂಟಕ್ಕೆ ಸುತ್ತಿದ. ಕಾಗದಕ್ಕೆ ಸಹಿ ಬಿದ್ದದ್ದು ಆ ಬೆಂಚಿನ ಮೇಲೆಯೇ.

ಬೆಳಗಿನ ಪತ್ರಿಕೆಯಲ್ಲಿ ಕಂಪನಿಯ ಔದಾರ್ಯದ ಬಗ್ಗೆ ಅರ್ಧ ಪುಟ ಬಂತು. ಓದಲು ಕೂಗಣ್ಣನಿಗೆ ಪುರುಸೊತ್ತಿರಲಿಲ್ಲ. ಪೆಟ್ಟಿಗೆ ಹತ್ತಿ ಬಾಯಿ ತೆರೆದವನು, ಎದುರಿಗಿದ್ದ ಮುಖಗಳನ್ನೆಲ್ಲ ಒಮ್ಮೆ ನೋಡಿದ. ಮೊದಲ ಬುಟ್ಟಿಗೇ ದನಿ ಹೊರಡಲಿಲ್ಲ.

“ಏನೋ ಕೂಗಣ್ಣ,” ಎಂದಳು ಅಜ್ಜಿ, “ಐಸು ಇನ್ನೂ ಬಂದಿಲ್ಲ, ಆಗ್ಲೇ ಗಂಟಲು ಕಟ್ಟಿತಾ?”