ಹಸಿರು ಟಿಕ್ ನಂಬಿದ ಗುಮಾಸ್ತ

ಮೂವತ್ತು ವರ್ಷ ಕಚೇರಿಯಲ್ಲಿ ಅರ್ಜಿಗಳನ್ನು ಪರಿಶೀಲಿಸಿದವನು ನಾನು. ಸಹಿ ಗೆರೆ ದಾಟಿದರೂ ವಾಪಸು ಕಳಿಸುತ್ತಿದ್ದೆ. ಎರಡು ಬಸ್ಸು ಹತ್ತಿ ಇಳಿದು ಬಂದ ಮುದುಕರನ್ನೂ "ಸೀಲ್ ಇಲ್ಲ, ನಾಳೆ ಬನ್ನಿ" ಎಂದು ಅಟ್ಟಿದ ಪುಣ್ಯಾತ್ಮ. ಸೀಲಿದ್ದರೆ ಸಾಕು, ಒಳಗೇನಿದೆ ಎಂದು ಓದುತ್ತಲೂ ಇರಲಿಲ್ಲ.

ನಿವೃತ್ತನಾದ ಮೇಲೆ ಒಂದು ಭಾನುವಾರ ಕೆಂಗೇರಿ ಉಪನಗರದ ತಮ್ಮನ ಮನೆಗೆ ಹೋದೆ. ಹೊಸ ಗೇಮ್ ಕನ್ಸೋಲ್ ಕೊಂಡಿದ್ದ. ಟೀವಿಯಲ್ಲಿ ಕಾರ್ ರೇಸ್ ಹಾಕಿ, "ಅಣ್ಣ, ನೀನು ಸುಮ್ನೆ ನೋಡ್ತಾ ಇರು. ಈ ಬಟನ್‌ಗಳೆಲ್ಲ ನಿಂಗೆ ಗೊತ್ತಾಗಲ್ಲ" ಅಂದ. ಇವನಿಗೆ ಸೈಕಲ್ ಕಲಿಸಿದ್ದು ನಾನು! ಮೈಯೆಲ್ಲ ಉರಿದುಹೋಯಿತು. ವಿಜಯನಗರದ ಮನೆಗೆ ಬರುವಷ್ಟರಲ್ಲಿ, ಕನ್ಸೋಲ್ ಕೊಳ್ಳದೆಯೇ ಅದೇ ಆಟ ಆಡಿ ತೋರಿಸಬೇಕೆಂದು ನಿರ್ಧರಿಸಿದ್ದೆ.

ಕನ್ಸೋಲಿನ ಆಟವನ್ನು ಕಂಪ್ಯೂಟರಿನಲ್ಲಿ ಆಡಿಸುವ ಸಾಫ್ಟ್‌ವೇರಿಗೆ ಎಮ್ಯುಲೇಟರ್ ಎನ್ನುತ್ತಾರಂತೆ. ಮರುದಿನ ಬೆಳಿಗ್ಗೆ ಹೆಂಡತಿ ತರಕಾರಿಗೆ ಹೋದಾಗ ಅವಳ ಲ್ಯಾಪ್‌ಟಾಪ್ ತೆಗೆದು ಹುಡುಕಿದೆ. ಸಿಕ್ಕ ಪುಟ ನಮ್ಮ ಕಚೇರಿಗಿಂತ ಶಿಸ್ತಾಗಿತ್ತು: ದುಂಡನೆಯ ಮೊಹರು, ಹಸಿರು ಟಿಕ್, ಪರಿಶೀಲಿಸಲಾಗಿದೆ ಎಂಬ ಒಕ್ಕಣೆ. ಯಾರು ಪರಿಶೀಲಿಸಿದರು ಎಂದು ಈ ಪರಿಶೀಲಕ ಕೇಳಲಿಲ್ಲ. ಮನುಷ್ಯನೆಂದು ಸಾಬೀತು ಮಾಡಲು ಫಾರಂ ಬಂತು. ಒಂದು ಕಾಲಮ್ಮೂ ಖಾಲಿ ಬಿಡದೆ ತುಂಬಿದೆ. ಇನ್ನೆರಡು ಆ್ಯಪ್ ಹಾಕು ಎಂದಿತು, ಹಾಕಿದೆ. ಮುಂದಿನ ಸೂಚನೆ, ಆಂಟಿವೈರಸ್ ಆಫ್ ಮಾಡು ಎಂದು. ಅದಕ್ಕೆ ಕ್ರಮಸಂಖ್ಯೆ ಬೇರೆ ಇತ್ತು, ಮೂರು. ಕ್ರಮಸಂಖ್ಯೆ ಇರುವ ಸೂಚನೆಯನ್ನು ನಾನು ಜನ್ಮದಲ್ಲಿ ಮೀರಿದವನಲ್ಲ.

ಆಫ್ ಮಾಡಿ, ಡೌನ್‌ಲೋಡ್ ಆದದ್ದನ್ನು ಒತ್ತಿದೆ. ಕಾರು ಬರಲಿಲ್ಲ. ನಿಮ್ಮ ಫೈಲುಗಳಿಗೆಲ್ಲ ಬೀಗ ಹಾಕಿದ್ದೇವೆ ಎಂಬ ಇಂಗ್ಲಿಷ್ ನೋಟೀಸು ಬಂತು.

ಆ ಫೈಲುಗಳಲ್ಲಿ ನಮ್ಮ ಅತ್ತೆಯ ಹಾಡುಗಳಿದ್ದವು. ಹಸೆ ಹಾಡು, ಆರತಿ ಹಾಡು, ಬೀಗರನ್ನು ಗೇಲಿ ಮಾಡುವ ಹಾಡು. ಅತ್ತೆ ತೀರಿಕೊಳ್ಳುವ ಮುಂಚೆ ಹೆಂಡತಿ ಅಮ್ಮನ ಪಕ್ಕದಲ್ಲಿ ಕೂತು ಒಂದೊಂದನ್ನೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದಳು. "ಮೊಬೈಲ್ ತುಂಬೋಗಿದೆ, ಅಳಿಸ್ಬಿಡು. ಲ್ಯಾಪ್‌ಟಾಪಲ್ಲಿ ಭದ್ರವಾಗಿರತ್ತೆ" ಎಂದು ಬುದ್ಧಿ ಹೇಳಿದ್ದು ನಾನೇ.

ರಿಪೇರಿ ಅಂಗಡಿಯ ಹೆಂಗಸು ನೋಡಿ ತಲೆಯಾಡಿಸಿದರು. "ಫೈಲ್ ವಾಪಸ್ ಬರಲ್ಲ ಸಾರ್. ಅಷ್ಟು ಹೊಸಾ ಕನ್ಸೋಲ್‌ಗೆ ಕೆಲಸ ಮಾಡೋ ಎಮ್ಯುಲೇಟರ್ರೇ ಇನ್ನೂ ಬಂದಿಲ್ಲ. ಅಸಲಿ ಮಾಡೋರು ಫಾರಂ ತುಂಬ್ಸಲ್ಲ, ಆಂಟಿವೈರಸ್ ಆಫ್ ಮಾಡಿ ಅಂತಾನೂ ಅನ್ನಲ್ಲ."

ಹೆಂಡತಿ ಲ್ಯಾಪ್‌ಟಾಪನ್ನು ಸೀರೆಗಳ ಕೆಳಗಿಟ್ಟು ಬೀರು ಮುಚ್ಚಿದಳು.

ಮೊನ್ನೆ ಪಕ್ಕದ ಮನೆಯವರು ಮೊಬೈಲಿನಲ್ಲಿ ಒಂದು ಲಿಂಕ್ ತೋರಿಸಿ, ಒತ್ತಬಹುದೇ ಎಂದು ಕೇಳಲು ಬಂದರು. ನಾಚಿಕೆ ಬಿಟ್ಟ ನಾನು ಗಂಟಲು ಸರಿಮಾಡಿಕೊಂಡು, ನಕಲಿ ಪುಟ ಗುರುತಿಸುವ ಬಗೆಯನ್ನು ಅರ್ಧ ಗಂಟೆ ವಿವರಿಸಿದೆ.

"ಇಷ್ಟೆಲ್ಲ ಎಲ್ಲಿ ಕಲಿತ್ರಿ ಸಾರ್?" ಎಂದರು.

ಅಡುಗೆಮನೆಯಿಂದ ಹೆಂಡತಿಯೇ ಉತ್ತರ ಕೊಟ್ಟಳು. "ಮನೇಲೇ. ನಮ್ಮಮ್ಮನ ದನಿ ಕೊಟ್ಟು ಕಲಿತ್ರು."