ಹಿಂದಿನ ಸಾಲಿನ ‘ಸಾ’

“ಹಿಂದ ಕುಂತಾವ್ರು ಯಾಕ ಸುಮ್ನ ಅದೀರಿ? ಸಾ ಹಚ್ರಿ,” ಎಂದರು ಸಂಗೀತದ ಮೇಡಂ, ನನ್ನನ್ನೇ ನೋಡುತ್ತ.

ಬಾಗಲಕೋಟೆಯ ವಿಶ್ವವಿದ್ಯಾಲಯದ ಆ ಸಭಾಂಗಣದಲ್ಲಿ ಅಂದು ಹಗಲು ಮಕ್ಕಳಿಗೆ ಪಾಠ, ಸಂಜೆ ಸಂಗೀತ ಕಚೇರಿ. ಗುಡೂರಿನಿಂದ ಬಸ್ಸು ಬೇಗ ತಲುಪಿದ್ದರಿಂದ, ಪಾಠ ನಡೆಯುತ್ತಿದ್ದರೂ ಹಿಂದೆ ಹೋಗಿ ಕುಳಿತಿದ್ದೆ.

“ನಾ ಕಚೇರಿ ಕೇಳಾಕ ಬಂದಾಕಿರಿ. ಗಂಟಲ ಆಪರೇಷನ್ ಆದಮ್ಯಾಲ ದನೀನ ಹೊಂಡವಲ್ದು,” ಎಂದೆ.

“ಬಂದಷ್ಟು ಬರ್ಲಿ ಬಿಡ್ರಿ. ಉಳಿದದ್ದು ಈ ಹುಡುಗ್ರು ತುಂಬ್ತಾರ.”

ತಂಬೂರಿ ಶುರುವಾಯಿತು. ಅಷ್ಟೂ ಮಕ್ಕಳ ದನಿಯ ಕೆಳಗೆ ನನ್ನದೂ ಒಂದು, ಒಡಕಾಗಿ, ಮೆಲ್ಲಗೆ ಹೊರಟಿತು. ಯಾರೂ ತಿರುಗಿ ನೋಡಲಿಲ್ಲ.

ಆ ಮೇಡಂ ಹೆಸರು ಕೇಳುವುದನ್ನೇ ಮರೆತೆ. ಅವರು ಈ ಪತ್ರಿಕೆ ಓದುವವರಾದರೆ ತಿಳಿಯಲಿ: ಊರಿನ ಭಜನೆಯಲ್ಲಿ ಬರೀ ತಾಳ ಬಾರಿಸುತ್ತಿದ್ದ ನಾನು, ಕಳೆದ ಸೋಮವಾರ ತಾಳವನ್ನು ಪಕ್ಕದವಳ ಕೈಗೆ ಕೊಟ್ಟು ಹಾಡಿದೆ.